ಹಿನ್ನೀರಿಗೆ ಇಳಿಯುವ ಹುಡುಗನಿಗೆ ದೊಡ್ಡಪ್ಪನ ಕಿವಿಮಾತು

ಮಗಾ, ಫೈಬರ್ ದೋಣಿ ತಂದೆ, ಅದಕ್ಕೆ ಹಳೆಯ ಮೋಟಾರೊಂದನ್ನು ಕೂರಿಸಿದೆ, ರಾಡು ರೀಲು ಎಲ್ಲ ಬಂದಿದೆ ಎಂದು ನಿನ್ನ ಅವ್ವ ಫೋನಿನಲ್ಲಿ ಹೇಳಿದಳು. ಸಂತೋಷವೇ ಆಯಿತು. ಆದರೆ ಒಂದು ಮಾತು ತಲೆಯಲ್ಲಿಟ್ಟುಕೋ. ಹುಟ್ಟು ಹಾಕಿಕೊಂಡು ಹೋಗುವವನು ತನ್ನ ತೋಳಿಗೆ ಎಟುಕುವಷ್ಟು ದೂರ ಹೋಗುತ್ತಾನೆ, ಅದೇ ತೋಳಿನಿಂದ ವಾಪಸ್ಸು ಬರುತ್ತಾನೆ. ಮೋಟಾರು ಇದ್ದವನು ತೋಳಿಗೆ ಮೀರಿದ ದೂರ ಹೋಗಿಬಿಡುತ್ತಾನೆ. ಲಿಂಗನಮಕ್ಕಿ ಹಿನ್ನೀರಿನ ನಡುವೆ ಮೋಟಾರು ನಿಂತರೆ ಅಲ್ಲಿ ಗ್ಯಾರೇಜು ಇಲ್ಲ, ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರಲ್ಲಿ ತೆರೆದ ಮೇಲೆ ಲಾಂಚನ್ನೇ ನಂಬಿದ್ದ ಜನ ರಸ್ತೆಯ ಮೇಲೆ ಓಡಾಡುತ್ತಿದ್ದಾರೆ. ನೀರಿನ ಮೇಲಿನಿಂದ ಕೈಯೆತ್ತಿ ಕರೆದರೆ ನೋಡುವ ಕಣ್ಣು ಮೊದಲಿಗಿಂತ ಕಡಿಮೆ.

ಆದ್ದರಿಂದ ಮೊದಲು ಮೋಟಾರಿನ ಮಾತು, ಆಮೇಲೆ ಗಾಳದ್ದು. ಇವತ್ತು ಸಿಗದ ಮೀನು ನಾಳೆ ಸಿಗುತ್ತದೆ.

• ಮೋಟಾರು ಚಾಲೂ ಆದ ಕೂಡಲೇ ಹಿಂದೆ ತಿರುಗಿ ನೋಡು. ತಲೆಯ ಕೆಳಗಡೆ ಪಕ್ಕದ ಸಣ್ಣ ತೂತಿನಿಂದ ನೀರು ಸತತವಾಗಿ ಚಿಮ್ಮುತ್ತಿರಬೇಕು. ಒಳಗೆ ತಣ್ಣೀರು ಹರಿಯುತ್ತಿದೆ ಎನ್ನುವುದಕ್ಕೆ ನಿನಗಿರುವ ಗುರುತು ಅದೊಂದೇ. ನೀರು ಬರದಿದ್ದರೆ, ಅಥವಾ ತೊಟ್ಟಿಕ್ಕುತ್ತಿದ್ದರೆ, ಅದೇ ಕ್ಷಣ ಬಂದ್ ಮಾಡು. ಮೊದಲು ಆ ತೂತಿಗೆ ಸಣ್ಣ ತಂತಿ ಹಾಕಿ ನೋಡು, ಕಣಜದಂಥ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ಆಮೇಲೆ ಕೆಳಗೆ ನೀರು ಎಳೆದುಕೊಳ್ಳುವ ಜಾಲರಿಗೆ ಎಲೆ, ಪಾಚಿ, ಪ್ಲಾಸ್ಟಿಕ್ ಕವರು ಅಂಟಿದೆಯೇ ನೋಡು. ಎರಡೂ ಸರಿ ಇದ್ದು ನೀರು ಬರದಿದ್ದರೆ ಪಂಪಿನ ರಬ್ಬರ್ ಚಕ್ರ ಹೋಗಿದೆ ಎಂದು ತಿಳಿ.

• ಆ ರಬ್ಬರ್ ಚಕ್ರಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಅದರ ರೆಕ್ಕೆಗಳು ನೀರಿನ ಜಾರಿಕೆಯಲ್ಲೇ ತಿರುಗಬೇಕು. ಅಂಗಳದಲ್ಲಿ ನಿಲ್ಲಿಸಿಕೊಂಡು "ಸ್ಟಾರ್ಟ್ ಆಗುತ್ತದೋ ನೋಡೋಣ" ಎಂದು ಬರಿದೇ ಓಡಿಸಿದರೆ ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆ ಕಾದು ಹರಿಯುತ್ತದೆ. ಪರೀಕ್ಷೆ ಮಾಡಬೇಕಿದ್ದರೆ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಫ್ಯಾನಿನ ಮೇಲಿರುವ ಚಪ್ಪಟೆ ತಗಡು ಪೂರ್ತಿ ಮುಳುಗುವಷ್ಟು ಇಳಿಸಿ, ನ್ಯೂಟ್ರಲ್‌ನಲ್ಲಿ ಓಡಿಸು. ಮಳೆಗಾಲದ ಕೆಂಪು ನೀರಿನಲ್ಲಿ ಓಡಿಸಿ ಬಂದ ದಿನ ಇದೇ ಡ್ರಮ್ಮಿನಲ್ಲಿ ಹತ್ತು ನಿಮಿಷ ತಿಳಿನೀರು ಕುಡಿಸು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಸರು ಒಳಗಿನ ಸಣ್ಣ ದಾರಿಗಳಲ್ಲಿ ಕೂತು ಒಣಗಿದರೆ ಬಿಡಿಸುವುದು ಬಲು ಕಷ್ಟ. ಕೆಟ್ಟಿಲ್ಲದಿದ್ದರೂ ಎರಡು ವರ್ಷಕ್ಕೊಮ್ಮೆ ಇಂಪೆಲ್ಲರ್ ಬದಲಿಸು. ಹಳೆಯ ಮೋಟಾರು ಕೊಂಡವನು ಮೊದಲ ದಿನವೇ ಬದಲಿಸಬೇಕು, ಹಿಂದಿನವನು ಯಾವಾಗ ಹಾಕಿದ್ದನೋ ಯಾರಿಗೆ ಗೊತ್ತು.

• ಟೂ ಸ್ಟ್ರೋಕ್ ಮೋಟಾರಾದರೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಲೆಕ್ಕ ಅದರ ಪುಸ್ತಕದಲ್ಲಿರುತ್ತದೆ. ಬಹಳಷ್ಟು ಮೋಟಾರುಗಳಿಗೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ, ಐದು ಲೀಟರಿಗೆ 100 ಮಿಲಿ. ಹಳೆಯ ಮಾದರಿಗಳಲ್ಲಿ ಎಣ್ಣೆ ಇನ್ನೂ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ಪುಸ್ತಕ ನೋಡದೆ ಬೆರೆಸಬೇಡ. ಬೈಕಿನ ಟೂಟಿ ಎಣ್ಣೆ ಹಾಕಬೇಡ. ನೀರಿನಿಂದ ತಣ್ಣಗಾಗುವ ಎಂಜಿನ್ನಿಗೆ ಬೇರೆ ಎಣ್ಣೆಯೇ ಇದೆ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದು ಬರೆದಿರುತ್ತದೆ. ಕ್ಯಾನಿಗೆ ಮೊದಲು ಸ್ವಲ್ಪ ಪೆಟ್ರೋಲು, ಆಮೇಲೆ ಅಳೆದ ಎಣ್ಣೆ, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲು. ಅಂದಾಜಿನ ಮೇಲೆ ಸುರಿಯುವುದು ಬೇಡ, ಔಷಧದ ಬಾಟಲಿಯ ಅಳತೆ ಮುಚ್ಚಳವೇ ಸಾಕು.

• ಫೋರ್ ಸ್ಟ್ರೋಕ್ ಆದರೆ ನೂರು ಗಂಟೆ ಓಡಿದ ಮೇಲೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಎಂಜಿನ್ ಆಯಿಲ್ ಬದಲಿಸು. ಪ್ರತಿ ಸಲ ಹೊರಡುವ ಮುಂಚೆ ಕಡ್ಡಿ ಎತ್ತಿ ಮಟ್ಟ ನೋಡು.

• ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಲೆನಾಡಿನ ಜೂನ್–ಜುಲೈ ತಿಂಗಳಲ್ಲಿ ಅರ್ಧ ಕ್ಯಾನು ಪೆಟ್ರೋಲನ್ನು ಕೊಟ್ಟಿಗೆಯಲ್ಲಿಟ್ಟರೆ ನೀರು ಸೇರಿ ತಳದಲ್ಲಿ ಬೇರೆ ಪದರ ನಿಲ್ಲುತ್ತದೆ, ಮೋಟಾರು ಮೊದಲು ಹೀರುವುದು ಆ ತಳದ್ದನ್ನೇ. ಕಾರ್ಬೊರೇಟರಿನಲ್ಲಿ ಉಳಿದದ್ದು ಅಂಟಾಗಿ ಸಣ್ಣ ತೂತುಗಳನ್ನು ಕಟ್ಟುತ್ತದೆ. ಒಂದು ತಿಂಗಳಿಗಿಂತ ಹೆಚ್ಚು ಇಡಬೇಡ, ಉಳಿದದ್ದನ್ನು ಬೈಕಿಗೋ ಕಳೆ ಕೊಚ್ಚುವ ಯಂತ್ರಕ್ಕೋ ಸುರಿದು ಮುಗಿಸು. ಎಣ್ಣೆ ಬೆರೆಸಿದ್ದಾದರೆ ಟೂ ಸ್ಟ್ರೋಕ್ ಯಂತ್ರಕ್ಕೆ ಮಾತ್ರ ಎಂಬುದು ನೆನಪಿರಲಿ. ಮನೆಗೆ ಬರುವ ಮುಂಚೆ, ಮೋಟಾರು ಇನ್ನೂ ನೀರಿನಲ್ಲೇ ಇರುವಾಗ, ಪೆಟ್ರೋಲಿನ ಪೈಪು ಬಿಚ್ಚಿ ಅಥವಾ ಕಾಕ್ ಮುಚ್ಚಿ ತಾನಾಗಿ ನಿಲ್ಲುವವರೆಗೆ ಓಡಲು ಬಿಡು. ಕಾರ್ಬೊರೇಟರ್ ಖಾಲಿಯಾಗುತ್ತದೆ.

• ಕ್ಯಾನನ್ನು ದೋಣಿಯೊಳಗೆ ಇಟ್ಟುಕೊಂಡು ಪೆಟ್ರೋಲು ತುಂಬಿಸಬೇಡ. ದಡಕ್ಕೆ ಇಳಿಸಿ, ನೆಲದ ಮೇಲಿಟ್ಟು ತುಂಬಿಸು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತದೆ. ಬೀಡಿ ಸೇದುವವನು ಜೊತೆಗಿದ್ದರೆ ಮೊದಲೇ ಹೇಳಿಬಿಡು, ದಾಕ್ಷಿಣ್ಯ ಬೇಡ.

• ಹೊರಟು ಐದು ನಿಮಿಷಕ್ಕೆ ಮೋಟಾರು ಉಸಿರುಕಟ್ಟಿದಂತಾಗಿ ನಿಂತರೆ ಗಾಬರಿಯಾಗಬೇಡ. ಮೊದಲು ನೋಡಬೇಕಾದ್ದು ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು. ಅದು ಮುಚ್ಚಿದ್ದರೆ ಒಳಗೆ ಗಾಳಿ ಹೋಗದು, ಪೆಟ್ರೋಲು ಹೊರಗೆ ಬಾರದು. ಎರಡನೆಯದು ಪೈಪಿನ ನಡುವಿನ ರಬ್ಬರ್ ಉಂಡೆ. ಅದರ ಮೇಲಿನ ಬಾಣ ಮೋಟಾರಿನ ಕಡೆಗಿರಬೇಕು, ಒತ್ತಿದರೆ ಗಟ್ಟಿಯಾಗಬೇಕು.

• ಇನ್ನು ಗೇರ್ ಆಯಿಲ್. ಇದನ್ನು ನಮ್ಮ ಕಡೆ ಯಾರೂ ನೋಡುವುದಿಲ್ಲ, ಅದಕ್ಕೇ ನಮ್ಮ ಕಡೆ ಮೋಟಾರುಗಳ ಬುಡ ಬೇಗ ಹೋಗುತ್ತದೆ. ಫ್ಯಾನಿನ ಮುಂದಿನ ಆ ಉದ್ದನೆಯ ಗಡ್ಡೆಯೊಳಗೆ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಪಕ್ಕದಲ್ಲಿ ಎರಡು ತಿರುಪು, ಒಂದು ಕೆಳಗೆ, ಒಂದು ಮೇಲೆ. ಮೊದಲು ಕೆಳಗಿನದನ್ನು, ಆಮೇಲೆ ಮೇಲಿನದನ್ನು ಬಿಚ್ಚಿ ಎಣ್ಣೆ ಇಳಿಸು. ಬಂದ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ, ಸೀಲು ಹೋಗಿದೆ. ಬೆರಳಿಗೆ ಲೋಹದ ಚೂರು ಹತ್ತಿದರೆ ಚಕ್ರವೇ ಸವೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸು. ಹೊಸ ಎಣ್ಣೆಯನ್ನು ಮೇಲಿನಿಂದ ಸುರಿಯಬಾರದು, ಗಾಳಿ ಸಿಕ್ಕಿಕೊಳ್ಳುತ್ತದೆ. ಟ್ಯೂಬಿನ ಮೂತಿಯನ್ನು ಕೆಳಗಿನ ತೂತಿಗೆ ಒತ್ತಿ ಹಿಡಿದು, ಮೇಲಿನ ತೂತಿನಿಂದ ಎಣ್ಣೆ ಹೊರಗೆ ಬರುವವರೆಗೆ ಹಿಂಡು. ಮೊದಲು ಮೇಲಿನ ತಿರುಪು ಹಾಕು, ಆಮೇಲೆ ಟ್ಯೂಬು ತೆಗೆದು ಕೆಳಗಿನದು. ವಾಷರ್ ಎರಡೂ ಹೊಸದಿರಲಿ.

• ಆ ಸೀಲು ಹೋಗುವುದು ಹೇಗೆ ಗೊತ್ತಾ? ನಿನ್ನ ಗಾಳದ ದಾರದಿಂದಲೇ. ನೀರಿನಲ್ಲಿ ಬಿದ್ದ ನೈಲಾನ್ ದಾರ, ಹರಿದ ಬಲೆಯ ಎಳೆ ಫ್ಯಾನಿಗೆ ಸುತ್ತಿಕೊಂಡು, ಅದರ ಹಿಂದಿನ ಸಂದಿಯಲ್ಲಿ ಸೇರಿ, ತಿರುಗುವ ಬಿಸಿಗೆ ಸೀಲಿನ ರಬ್ಬರನ್ನು ಕೊಯ್ಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ದಿನಾ ಒಂದಿಷ್ಟು ನೀರು ಹೋಗುತ್ತಿರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಪಿನ್ನು ಎಳೆದು, ನಟ್ಟು ಬಿಚ್ಚಿ, ಫ್ಯಾನು ಹೊರತೆಗೆ. ಹಿಂದೆ ದಾರ ಸಿಕ್ಕಿದ್ದರೆ ಒಂದೊಂದೇ ಎಳೆ ಬಿಡಿಸು. ದಂಡಕ್ಕೆ ನೀರಿಗೆ ತಾಳುವ ಗ್ರೀಸು ಹಚ್ಚಿ ವಾಪಸ್ಸು ಹಾಕು, ಇಲ್ಲವಾದರೆ ಮುಂದಿನ ಸಲ ಅದು ತುಕ್ಕು ಹಿಡಿದು ಹೊರಗೆ ಬರುವುದೇ ಇಲ್ಲ. ಈ ಕೆಲಸಕ್ಕೆ ಕೈ ಹಾಕುವ ಮುಂಚೆ ಪ್ಲಗ್ಗಿನ ವಯರು ಕಿತ್ತಿಡು. ಫ್ಯಾನು ತಿರುಗಿಸುವಾಗ ಮೋಟಾರು ಚಾಲೂ ಆದರೆ ಬೆರಳು ಉಳಿಯದು.

• ನಮ್ಮ ಹಿನ್ನೀರಿನ ದೊಡ್ಡ ಅಪಾಯ ಮರದ ಬೊಡ್ಡೆಗಳು. ಅಣೆಕಟ್ಟು 1964ರಲ್ಲಿ ಮುಗಿದು ನೀರು ಏರಿದಾಗ ಊರು, ಗದ್ದೆ, ಕಾಡು ಎಲ್ಲ ಮುಳುಗಿತು. ಗಾಳಿ ತಾಗದ ಕಡೆ ಮರ ಬೇಗ ಕೊಳೆಯುವುದಿಲ್ಲ, ಅವುಗಳ ಬುಡ ಇವತ್ತಿಗೂ ನಿಂತಿದೆ. ನೀರು 1819 ಅಡಿಯ ಪೂರ್ಣ ಮಟ್ಟಕ್ಕೆ ತುಂಬಿದ್ದಾಗ ನೀನು ಅವುಗಳ ಮೇಲೆಯೇ ಆರಾಮವಾಗಿ ಹೋಗುತ್ತೀಯ. ಫೆಬ್ರುವರಿಯಿಂದ ನೀರು ಇಳಿಯತೊಡಗಿದಾಗ ಅದೇ ದಾರಿಯಲ್ಲಿ ಬೊಡ್ಡೆ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿರುತ್ತದೆ, ಕಣ್ಣಿಗೆ ಬೀಳದು. ಬೇಸಿಗೆಯಲ್ಲಿ ಮಡೇನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುವ ಹೊತ್ತಿಗೆ ಇಡೀ ಹಿನ್ನೀರಿನ ದಾರಿಗಳೇ ಬದಲಾಗಿರುತ್ತವೆ. ಆ ತಿಂಗಳುಗಳಲ್ಲಿ ಹಳೆಯ ನದಿಯ ಪಾತ್ರ ಬಿಟ್ಟು ಬದಿಗೆ ಹೋಗುವಾಗ ವೇಗ ಇಳಿಸು, ಒಬ್ಬನನ್ನು ಮುಂದೆ ಕೂರಿಸಿ ನೀರು ನೋಡಲು ಹೇಳು. ಮೇ ತಿಂಗಳಲ್ಲಿ ನೀರು ಇಳಿದಾಗ ದಡದ ಮೇಲೆ ನಿಂತು ಬೊಡ್ಡೆಗಳ ಜಾಗ ನೋಡಿಟ್ಟುಕೊಂಡವನಿಗೆ ವರ್ಷವಿಡೀ ಅದು ಉಪಯೋಗಕ್ಕೆ ಬರುತ್ತದೆ.

• ಸಣ್ಣ ಮೋಟಾರುಗಳಲ್ಲಿ ಫ್ಯಾನನ್ನು ದಂಡಕ್ಕೆ ಹಿಡಿದಿಡುವುದು ಒಂದು ಮೆತ್ತನೆ ಪಿನ್ನು. ಬೊಡ್ಡೆಗೆ ಬಡಿದರೆ ಪಿನ್ನು ತುಂಡಾಗಬೇಕು, ಒಳಗಿನ ಚಕ್ರ ಉಳಿಯಬೇಕು ಎನ್ನುವುದೇ ಅದರ ಲೆಕ್ಕ. ಎಂಜಿನ್ನು ಜೋರಾಗಿ ಕೂಗುತ್ತಿದೆ, ದೋಣಿ ಮುಂದೆ ಹೋಗುತ್ತಿಲ್ಲ ಎಂದಾದರೆ ಪಿನ್ನು ಹೋಗಿದೆ ಎಂದರ್ಥ. ನಾಲ್ಕು ಹೆಚ್ಚುವರಿ ಪಿನ್ನು, ಒಂದು ಕಟಿಂಗ್ ಪ್ಲೇಯರ್ ಯಾವಾಗಲೂ ದೋಣಿಯಲ್ಲಿರಲಿ. ಪಿನ್ನಿನ ಜಾಗಕ್ಕೆ ಕಬ್ಬಿಣದ ಮೊಳೆ ಬಡಿಯುವವರಿದ್ದಾರೆ. ಆ ಮೊಳೆ ತುಂಡಾಗುವುದಿಲ್ಲ, ಬದಲಿಗೆ ಗೇರು ತುಂಡಾಗುತ್ತದೆ.

• ಹೊರಡುವ ಮುಂಚೆ ಮೋಟಾರನ್ನು ಹಿಡಿದಿರುವ ಎರಡೂ ಹಿಡಿತಿರುಪುಗಳನ್ನು ಕೈಯಿಂದ ಬಿಗಿ ಮಾಡು. ಕಂಪನಕ್ಕೆ ಅವು ಸಡಿಲಾಗುತ್ತವೆ. ಮೇಲಾಗಿ ಮೋಟಾರಿಗೊಂದು ಸರಪಳಿ ಹಾಕಿ ದೋಣಿಗೆ ಕಟ್ಟು.

• ಕೆಂಪು ಬಳ್ಳಿಯಂಥ ಸ್ವಿಚ್ಚಿನ ದಾರ ಅಲಂಕಾರಕ್ಕಲ್ಲ. ಮಣಿಕಟ್ಟಿಗೆ ಸಿಕ್ಕಿಸಿಕೋ. ನೀನು ನೀರಿಗೆ ಬಿದ್ದರೆ ಮೋಟಾರು ನಿಲ್ಲುತ್ತದೆ. ಅದಿಲ್ಲದಿದ್ದರೆ ಹಿಡಿಯುವವರಿಲ್ಲದ ದೋಣಿ ಸುತ್ತು ಹೊಡೆದು ಬಿದ್ದವನ ಮೇಲೆಯೇ ಬರುತ್ತದೆ.

• ಪ್ಲಗ್ಗಿನ ಮೂತಿ ಚಹಾದ ಬಣ್ಣಕ್ಕಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಜಾಸ್ತಿ, ಅಥವಾ ಚೋಕ್ ಎಳೆದೇ ಓಡಿಸಿದ್ದೀಯ. ಒಂದು ಹೊಸ ಪ್ಲಗ್ಗು, ಅದರ ಸ್ಪ್ಯಾನರು, ಎಳೆಯುವ ಹಗ್ಗಕ್ಕೆ ಬದಲಿ ಹಗ್ಗ, ಇಷ್ಟು ಸಣ್ಣ ಡಬ್ಬಿಯಲ್ಲಿ ಇರಲಿ.

• ಮೋಟಾರು ನೀರಿಗೆ ಬಿದ್ದರೆ ಮೇಲೆತ್ತಿ ಬಿಸಿಲಿಗೆ ಒಣಗಿಸಬೇಡ. ಗಾಳಿ ತಾಗಿದ ಗಳಿಗೆಯಿಂದ ಒಳಗೆ ತುಕ್ಕು ಶುರು. ಅದೇ ದಿನ ಮೆಕ್ಯಾನಿಕ್ ಸಿಗುವಂತಿದ್ದರೆ ಸಿಹಿನೀರಿನಲ್ಲಿ ಕೆಸರು ತೊಳೆದು, ಪ್ಲಗ್ಗು ಬಿಚ್ಚಿ, ತೂತು ಕೆಳಗೆ ಮಾಡಿ ನೀರು ಸುರಿಸಿ, ಒಳಗೆ ಎಣ್ಣೆ ಬಿಟ್ಟು ತೆಗೆದುಕೊಂಡು ಹೋಗು. ಸಿಗುವಂತಿಲ್ಲದಿದ್ದರೆ ಅವನು ಬರುವವರೆಗೆ ತಿಳಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡು. ಓಡುತ್ತಿರುವಾಗಲೇ ಮುಳುಗಿದ್ದರೆ ಹಗ್ಗ ಎಳೆಯುವ ಪ್ರಯತ್ನವನ್ನೇ ಮಾಡಬೇಡ, ಒಳಗಿನ ರಾಡು ಬಾಗಿರಬಹುದು.

• ಜೀಪಿನಲ್ಲಿ ಸಾಗಿಸುವಾಗ ಮೋಟಾರಿನ ತಲೆ ಯಾವತ್ತೂ ಬುಡಕ್ಕಿಂತ ಕೆಳಗಾಗಬಾರದು, ಬುಡದಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯುತ್ತದೆ. ಫೋರ್ ಸ್ಟ್ರೋಕಿನದನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಅದರ ಮೇಲೆಯೇ ಗುರುತಿರುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ನೆಟ್ಟಗೆ ನಿಲ್ಲಿಸಿ ನೀರೆಲ್ಲ ಇಳಿಯಲು ಬಿಡು. ಪ್ಲಗ್ಗಿನ ತೂತಿಗೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆ. ಪ್ಲಾಸ್ಟಿಕ್ ಹೊದಿಕೆ ಬಿಗಿದು ಸುತ್ತಬೇಡ, ಒಳಗೆ ಬೆವರುತ್ತದೆ. ಹಳೆಯ ಹತ್ತಿ ಬೆಡ್‌ಶೀಟು ಸಾಕು.

ಇನ್ನು ಗಾಳದ ಸಾಮಾನು. ಇದರಲ್ಲಿ ಜನ ದುಡ್ಡು ಹಾಕುವುದು ರಾಡಿಗೆ, ಮೀನು ತಪ್ಪಿಸಿಕೊಳ್ಳುವುದು ದಾರದಲ್ಲಿ.

• ನೈಲಾನ್ ದಾರಕ್ಕೆ ಬಿಸಿಲು ಶತ್ರು. ದಿನವೂ ಬಳಸುವವನು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪ್ರತಿ ಸಲ ಎಸೆಯುವ ಮುಂಚೆ ಕೊನೆಯ ಒಂದು ಮಾರು ದಾರವನ್ನು ಬೆರಳ ಸಂದಿಯಲ್ಲಿ ಎಳೆದು ನೋಡು. ಒರಟು ಸಿಕ್ಕಿದರೆ ಅಲ್ಲಿಯವರೆಗೆ ಕತ್ತರಿಸಿ ಮತ್ತೆ ಗಾಳ ಕಟ್ಟು. ಬೊಡ್ಡೆಗಳ ನಡುವೆ ಇದು ಹತ್ತು ಎಸೆತಕ್ಕೊಮ್ಮೆ ಮಾಡುವ ಕೆಲಸ.

• ಗಂಟು ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡು. ಒಣ ಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ.

• ರೀಲಿನ ಬಿಗಿ, ಅದೇ ಡ್ರ್ಯಾಗು, ಕೈಯಂದಾಜಿನಲ್ಲಿ ಬೇಡ. ದಾರ ಎಂಟು ಕಿಲೋದ್ದಾದರೆ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆ, ಎರಡು ಕಿಲೋ ದಾಟುತ್ತಿದ್ದಂತೆ ರೀಲು ದಾರ ಬಿಡಬೇಕು. ದಾರ ತಾಳುವ ತೂಕದ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ದೊಡ್ಡ ಕಾಟ್ಲಾ ಮೊದಲ ಓಟ ಓಡುವಾಗ ಗಾಬರಿಯಲ್ಲಿ ಬಿಗಿ ಮಾಡಿದವನ ಕೈಯಲ್ಲಿ ತುಂಡು ದಾರ ಉಳಿಯುತ್ತದೆ. ಮನೆಗೆ ಬಂದ ಮೇಲೆ ಡ್ರ್ಯಾಗು ಪೂರ್ತಿ ಸಡಿಲಿಸಿಡು, ಒಳಗಿನ ವಾಷರುಗಳು ಚಪ್ಪಟೆಯಾಗದೆ ಉಳಿಯುತ್ತವೆ.

• ರೀಲಿಗೆ ದಾರ ತುಂಬುವಾಗ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸು. ಹೆಚ್ಚಾದರೆ ಸುರುಳಿ ಸುರುಳಿಯಾಗಿ ಹಾರಿ ಸಿಕ್ಕಾಗುತ್ತದೆ, ಕಡಿಮೆಯಾದರೆ ಎಸೆತ ದೂರ ಹೋಗದು. ಹೆಣೆದ ದಾರ ಹಾಕುವುದಾದರೆ ತಳಕ್ಕೆ ಸ್ವಲ್ಪ ನೈಲಾನ್ ಸುತ್ತು, ಇಲ್ಲವಾದರೆ ಇಡೀ ಸುತ್ತೇ ಜಾರುತ್ತದೆ.

• ರೀಲನ್ನು ನಲ್ಲಿಯ ಜೋರು ನೀರಿಗೆ ಹಿಡಿಯಬೇಡ, ಮರಳು ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸು, ನೆರಳಲ್ಲಿ ಒಣಗಿಸು. ದಾರ ಹಾಯುವ ಸಣ್ಣ ಉರುಳೆಗೆ, ಹಿಡಿಕೆಯ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಹಲ್ಲಿನ ಚಕ್ರಕ್ಕೆ ಗ್ರೀಸು, ಅದೂ ವರ್ಷಕ್ಕೊಮ್ಮೆ, ತೆಳ್ಳಗೆ. ತೆಂಗಿನೆಣ್ಣೆ ಹಾಕಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

• ರಾಡಿನ ಬಳೆಗಳೊಳಗೆ ಹತ್ತಿಯ ಉಂಡೆ ಒಂದು ಸುತ್ತು ಆಡಿಸು. ಎಳೆ ಸಿಕ್ಕಿಕೊಂಡ ಬಳೆಯಲ್ಲಿ ಕೂದಲಿನಷ್ಟು ಬಿರುಕಿದೆ, ನಿನ್ನ ದಾರವನ್ನು ಕೊಯ್ಯುತ್ತಿರುವುದು ಅದೇ. ಒದ್ದೆ ರಾಡನ್ನು ಚೀಲಕ್ಕೆ ಹಾಕಿಟ್ಟರೆ ನಮ್ಮ ಮಳೆಗಾಲದಲ್ಲಿ ಹಿಡಿಕೆಗೆ ಬೂಸ್ಟು ಹಿಡಿಯುತ್ತದೆ.

• ಗಾಳದ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆ. ಗೀರು ಬಿದ್ದು ನಿಂತರೆ ಸರಿ, ಜಾರಿದರೆ ಅರ ಹಿಡಿ ಅಥವಾ ಎಸೆ. ಬಳಸಿದ ಒದ್ದೆ ಗಾಳವನ್ನು ಹೊಸದರ ಜೊತೆ ಡಬ್ಬಿಗೆ ಹಾಕಬೇಡ, ತುಕ್ಕು ಎಲ್ಲಕ್ಕೂ ಹಬ್ಬುತ್ತದೆ. ಹಿಡಿದು ಬಿಡುವ ಮನಸ್ಸಿದ್ದರೆ ಗಾಳದ ಮುಳ್ಳನ್ನು ಪ್ಲೇಯರಿನಲ್ಲಿ ಒತ್ತಿ ಮಟ್ಟ ಮಾಡು. ಮೀನಿಗೂ ಒಳ್ಳೆಯದು, ಕೈಗೆ ಚುಚ್ಚಿಕೊಂಡಾಗ ನಿನಗೂ ಒಳ್ಳೆಯದು.

• ಗೆಂಡೆ, ರೋಹು, ಬಿಳಿಮೀನಿಗೆ ಬೇಯಿಸಿದ ರಾಗಿ ಮುದ್ದೆಯೇ ಸಾಕು, ಗಟ್ಟಿಯಾಗಿ ನಾದಿರಬೇಕು. ಕಡಲೆ ಹಿಂಡಿ ಸ್ವಲ್ಪ ಸೇರಿಸಬಹುದು. ಪೇಟೆಯಿಂದ ಬರುವ ಸುವಾಸನೆ ಪುಡಿಗಳಿಗೆ ದುಡ್ಡು ಸುರಿಯುವುದಕ್ಕಿಂತ ಆ ದುಡ್ಡಿನಲ್ಲಿ ಒಳ್ಳೆಯ ದಾರ ತಗೋ.

• ಬಲೆಯನ್ನು ನೆರಳಲ್ಲಿ ಒಣಗಿಸಿ, ಇಲಿಗೆ ಸಿಗದಂತೆ ತೂಗುಹಾಕು. ಹರಿದ ಬಲೆ, ತುಂಡು ದಾರ ನೀರಿಗೆ ಎಸೆಯಬೇಡ. ನಿನ್ನ ಸೀಲು ಕೊಯ್ಯುವುದು ಒಂದು ಕಡೆಗಿರಲಿ, ಅದರಲ್ಲಿ ನೀರುನಾಯಿ ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ನೀರುಕಾಗೆ, ಆಮೆಗಳದ್ದೂ ಅದೇ ಪಾಡು. ದೋಣಿಯಲ್ಲೊಂದು ಬಾಟಲಿ ಇಟ್ಟು ತುಂಡು ದಾರವೆಲ್ಲ ಅದಕ್ಕೆ ತುಂಬಿಸು.

ಕೊನೆಗೆ, ನೀರಿನ ಮೇಲಿದ್ದಾಗ.

• ಲೈಫ್ ಜಾಕೆಟ್ಟನ್ನು ಸೀಟಿನ ಕೆಳಗಿಟ್ಟರೆ ಉಪಯೋಗವಿಲ್ಲ, ಮೈಮೇಲಿರಬೇಕು, ಗುಂಡಿ ಹಾಕಿರಬೇಕು. ಈಜು ಬರುತ್ತದೆ ಎನ್ನಬೇಡ. ಈಜು ಬರುವವರೂ ಮುಳುಗಿದ್ದಾರೆ, ತಲೆಗೆ ಪೆಟ್ಟು ಬಿದ್ದವನಿಗೆ ಈಜು ನೆನಪಿಗೆ ಬರುವುದಿಲ್ಲ. ಇದೊಂದನ್ನು ನನ್ನ ಮಾತೆಂದು ನಡೆಸಿಕೊಡು.

• ಮೋಟಾರು ಎಷ್ಟೇ ಹೊಸದಾಗಿರಲಿ, ಎರಡು ಹುಟ್ಟು ದೋಣಿಯಲ್ಲಿರಲೇಬೇಕು. ನೀರು ಮೊಗೆಯಲು ಬಕೆಟ್ಟು, ಉದ್ದನೆಯ ಹಗ್ಗ, ಟಾರ್ಚು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು. ಪೆಟ್ರೋಲಿನಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಇನ್ನೊಂದು ಭಾಗ ಎದುರುಗಾಳಿಗೆ.

• ಈಗಿನ ರಾಡುಗಳು ಕಾರ್ಬನ್ನಿನವು, ಕರೆಂಟು ಹಾಯಿಸುತ್ತವೆ. ಕರೆಂಟು ತಂತಿಯ ಕೆಳಗೆ ರಾಡು ಎತ್ತಬೇಡ. ಶರಾವತಿ ವಿದ್ಯುತ್ತು ಹೊರಡುವ ಸೀಮೆ ನಮ್ಮದು, ದೊಡ್ಡ ಲೈನುಗಳಿಗೆ ಕೊರತೆಯಿಲ್ಲ. ಏಪ್ರಿಲ್–ಮೇ ಸಂಜೆ ದೂರದಲ್ಲಿ ಗುಡುಗು ಕೇಳಿದರೂ ರಾಡು ಕೆಳಗೆ ಮಲಗಿಸಿ ದಡ ಸೇರು.

• ಶರಾವತಿ ಕಣಿವೆ ಅಭಯಾರಣ್ಯದ ಗಡಿಯೊಳಗೆ, ಅಣೆಕಟ್ಟಿನ ಬಳಿ ಗಾಳ ಹಾಕಬೇಡ. ಉಳಿದ ಕಡೆಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ಮಾಡಿಸಿಕೋ. ಮೊದಲ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹಳ್ಳ ಹತ್ತುವ ಮೀನನ್ನು ಮುಟ್ಟಬೇಡ. ಮೋಟಾರು ಬಿಚ್ಚಿ ಗ್ರೀಸು ಹಚ್ಚಲು ಅದೇ ಸರಿಯಾದ ತಿಂಗಳು.

• ಒಂದು ನೋಟುಬುಕ್ಕು ಇಟ್ಟುಕೋ. ಮೋಟಾರಿನ ಬ್ರಾಕೆಟ್ಟಿನ ತಗಡಿನಲ್ಲಿರುವ ಮಾದರಿ, ಸೀರಿಯಲ್ ನಂಬರು ಬರೆದಿಡು, ಬಿಡಿಭಾಗ ತರಿಸುವಾಗ ಅಂಗಡಿಯವನು ಮೊದಲು ಕೇಳುವುದು ಅದನ್ನೇ. ಎಣ್ಣೆ ಬದಲಿಸಿದ ತಾರೀಕು, ಓಡಿದ ಗಂಟೆ, ಹಾಕಿದ ಪ್ಲಗ್ಗಿನ ನಂಬರು, ಎಲ್ಲ ಅದರಲ್ಲೇ ಇರಲಿ. ಬರುವ ಭಾನುವಾರ ನಾನು ಬರುತ್ತೇನೆ. ಗೇರ್ ಆಯಿಲ್ ಒಂದು ಟ್ಯೂಬು, ವಾಷರ್ ಎರಡು ತಂದಿಟ್ಟಿರು, ಫ್ಯಾನು ಬಿಚ್ಚಿ ನೋಡೋಣ.